ರಿಂಗ್ ಆಗುತ್ತದೆ, ಮಾತು ಬರುವುದಿಲ್ಲ: ಹಳೆ ಎಚ್.323 ಪೆಟ್ಟಿಗೆಯನ್ನು ಏನು ಮಾಡೋದು?

ಪ್ರಶ್ನೆ: ಚಿಂತಾಮಣಿ ಹತ್ತಿರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬೆಂಗಳೂರಿನ ಒಂದು ಕಂಪನಿಯವರು ಆಫೀಸು ಖಾಲಿ ಮಾಡುವಾಗ ಎರಡು ಹಳೆ ವಿಡಿಯೋ ಕಾನ್ಫರೆನ್ಸ್ ಪೆಟ್ಟಿಗೆ ಕೊಟ್ಟರು. ಒಂದು ನಮ್ಮಲ್ಲಿದೆ, ಇನ್ನೊಂದು ಕೋಲಾರದಲ್ಲಿರುವ ನಮ್ಮದೇ ಸಂಸ್ಥೆಯ ಕಾಲೇಜಿನಲ್ಲಿದೆ. ಹಿಂಭಾಗದಲ್ಲಿ ಎಚ್.323, ಎಸ್‌ಐಪಿ ಎಂದು ಬರೆದಿದೆ. ಎರಡನ್ನೂ ಒಂದೇ ರೂಮಿನಲ್ಲಿ ಜೋಡಿಸಿ ನೋಡಿದಾಗ ಚೆನ್ನಾಗಿ ಕೆಲಸ ಮಾಡಿದವು. ಕೋಲಾರದ ಕನೆಕ್ಷನ್ನಿಗೆ ಸ್ಟ್ಯಾಟಿಕ್ ಐಪಿ ಇದೆ, ನೆಟ್ ಹಾಕಿದ ಹುಡುಗ ರೂಟರ್‌ನಲ್ಲಿ 1720 ಪೋರ್ಟ್ ತೆರೆದುಕೊಟ್ಟಿದ್ದಾನೆ. ಈಗ ಇಲ್ಲಿಂದ ಕರೆ ಮಾಡಿದರೆ ಅಲ್ಲಿ ರಿಂಗ್ ಆಗುತ್ತದೆ, ಅವರು ಎತ್ತುತ್ತಾರೆ, ಆಮೇಲೆ ಪರದೆ ಕಪ್ಪು, ಶಬ್ದವೂ ಇಲ್ಲ. ಅದೇ ನೆಟ್‌ನಲ್ಲಿ ಮೊಬೈಲ್‌ನಿಂದ ಗೂಗಲ್ ಮೀಟ್ ಬರುತ್ತದೆ. ಆದರೆ ಸಂಜೆ ಹಾಸ್ಟೆಲ್ ಮಕ್ಕಳು ನೆಟ್ ಬಳಸುವ ಹೊತ್ತಿಗೆ ಅದೂ ತುಂಡು ತುಂಡಾಗುತ್ತದೆ. ಪೆಟ್ಟಿಗೆ ಕೆಟ್ಟಿದೆಯಾ? ಇದರಿಂದಲೇ ಮೀಟ್‌ಗೆ ಸೇರಬಹುದಾ? ಇಲ್ಲ, ಗುಜರಿಗೆ ಹಾಕಬೇಕಾ?

ಉತ್ತರ:

ಮೇಡಂ, ನಮಸ್ಕಾರ. ಪೆಟ್ಟಿಗೆ ಕೆಟ್ಟಿಲ್ಲ. ಒಂದೇ ರೂಮಿನಲ್ಲಿ ಮಾತಾಡಿದ ಎರಡು ಪೆಟ್ಟಿಗೆ ಊರು ಬೇರೆಯಾದ ಕೂಡಲೇ ಮೂಕವಾದವು ಎಂದರೆ ತೊಂದರೆ ನಡುವಿನ ದಾರಿಯಲ್ಲಿದೆ. ದಯವಿಟ್ಟು ಗುಜರಿಗೆ ಹಾಕಬೇಡಿ. ತುಮಕೂರಿನಲ್ಲಿದ್ದುಕೊಂಡು ಸುಮಾರು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈ ಇಪ್ಪತ್ತು ವರ್ಷದಲ್ಲಿ ಜನ ನನಗೆ ಅತಿ ಜಾಸ್ತಿ ಹೇಳಿರುವ ದೂರು ಇದೇ: ‘ರಿಂಗ್ ಆಗುತ್ತೆ ಸಾರ್, ಮಾತು ಬರಲ್ಲ.’

ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ವಿಡಿಯೋ ಕರೆಯಲ್ಲಿ ಎರಡು ಕೆಲಸ ಇವೆ. ಯಾರು ಯಾರನ್ನು ಕರೆಯುತ್ತಿದ್ದಾರೆ, ಎತ್ತಿದರಾ ಇಲ್ಲವಾ, ಯಾವ ಭಾಷೆಯಲ್ಲಿ ಮಾತಾಡೋಣ, ಮಾತನ್ನು ಯಾವ ವಿಳಾಸಕ್ಕೆ ಕಳಿಸಲಿ ಎಂದು ಕೇಳಿ ಗೊತ್ತು ಮಾಡಿಕೊಳ್ಳುವುದು ಮೊದಲನೆಯದು. ಇದಕ್ಕೆ ಸಿಗ್ನಲಿಂಗ್ ಅನ್ನುತ್ತಾರೆ. ಗೊತ್ತಾದ ಮೇಲೆ ಧ್ವನಿ, ಚಿತ್ರವನ್ನು ನಿಜವಾಗಿ ಸಾಗಿಸುವುದು ಎರಡನೆಯದು. ಅದು ಮೀಡಿಯಾ. ಎರಡೂ ಬೇರೆ ಬೇರೆ ಪೋರ್ಟ್‌ಗಳಲ್ಲಿ, ಬೇರೆ ಬೇರೆ ನಿಯಮದ ಮೇಲೆ ಓಡಾಡುತ್ತವೆ. ನಿಮ್ಮಲ್ಲಿ ಮೊದಲನೆಯದು ನಡೆದಿದೆ, ಎರಡನೆಯದು ಬಿದ್ದಿದೆ. ನೆಟ್ ಹಾಕಿದ ಹುಡುಗ ತೆರೆದ 1720 ಬರೀ ಮೊದಲನೆಯದರ ಬಾಗಿಲು.

ಐಎಸ್‌ಡಿಎನ್ ಎಂಬ ಡಿಜಿಟಲ್ ಫೋನ್ ಲೈನಿನ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಆಗಿನ ಮಾನದಂಡ ಎಚ್.320, 1990ರದ್ದು. 64 ಕೆಬಿಪಿಎಸ್‌ನ ಆರು ಚಾನಲ್ ಕೂಡಿಸಿದರೆ 384 ಕೆಬಿಪಿಎಸ್. ಕರೆ ಮುಗಿಯುವ ತನಕ ಆ ದಾರಿ ಪೂರ್ತಿ ನಿಮ್ಮದೇ, ಬೇರೆ ಯಾರೂ ಒಳಗೆ ಬರುವ ಹಾಗಿಲ್ಲ. ದಿಬ್ಬಣಕ್ಕೆ ಸ್ಪೆಷಲ್ ಬಸ್ ಮಾಡಿಕೊಂಡ ಹಾಗೆ: ದುಬಾರಿ, ಆದರೆ ಹೊರಟವರೆಲ್ಲ ಒಟ್ಟಿಗೆ, ಸಾಲಾಗಿ ತಲುಪುತ್ತಾರೆ. ಇಂಟರ್ನೆಟ್‌ನಲ್ಲಿ ಸ್ಪೆಷಲ್ ಬಸ್ ಇಲ್ಲ. ಮಾತನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡಿನ ಮೇಲೂ ವಿಳಾಸ ಬರೆದು, ಸಿಕ್ಕ ಬಸ್ಸಿಗೆ ಹತ್ತಿಸಿ ಕಳಿಸುತ್ತಾರೆ. ಒಬ್ಬರು ಬೇಗ ಬರುತ್ತಾರೆ, ಇನ್ನೊಬ್ಬರು ನೆಲಮಂಗಲದ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತಾರೆ, ಮತ್ತೊಬ್ಬರು ಬರುವುದೇ ಇಲ್ಲ. ಇಂಥ ದಾರಿಯಲ್ಲಿ ಮನುಷ್ಯರ ಮಾತುಕತೆ ನಡೆಸಬಹುದು ಎಂದು ನಂಬಿ, ಅದಕ್ಕೆ ನಿಯಮ ಬರೆದವರ ಬಗ್ಗೆ ನನಗೆ ಇವತ್ತಿಗೂ ತುಂಬ ಗೌರವ ಇದೆ.

ಆ ನಿಯಮದ ಹೆಸರು ಆರ್‌ಟಿಪಿ. 1996ರ ಜನವರಿಯಲ್ಲಿ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 1889 ಎಂದು ಮೊದಲು ಬಂತು, 2003ರಲ್ಲಿ ಆರ್‌ಎಫ್‌ಸಿ 3550 ಎಂದು ತಿದ್ದಿ ಬರೆದರು. ಪ್ರತಿ ತುಂಡಿಗೂ 12 ಬೈಟಿನ ಒಂದು ತಲೆಚೀಟಿ. ಅದರಲ್ಲಿ ಮುಖ್ಯವಾಗಿ ಎರಡು: ಕ್ರಮಸಂಖ್ಯೆ ಮತ್ತು ಸಮಯದ ಗುರುತು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬರಲೇ ಇಲ್ಲ ಎಂದು ಆ ಕಡೆಯವರಿಗೆ ಗೊತ್ತಾಗುವುದು ಇದರಿಂದ. ಬಂದ ತುಂಡನ್ನು ತಕ್ಷಣ ನುಡಿಸುವುದಿಲ್ಲ. ಛತ್ರದಲ್ಲಿ ಪಂಕ್ತಿ ಕೂರಿಸುವ ಮೊದಲು ಎಲ್ಲರೂ ಬರಲಿ ಎಂದು ಸ್ವಲ್ಪ ಹೊತ್ತು ಕಾಯುತ್ತೇವಲ್ಲ, ಹಾಗೆ ಕೆಲವು ಹತ್ತು ಮಿಲಿಸೆಕೆಂಡ್ ಕಾಯುತ್ತಾರೆ. ಇದಕ್ಕೆ ಜಿಟರ್ ಬಫರ್ ಅನ್ನುತ್ತಾರೆ. ತೀರಾ ತಡವಾಗಿ ಬಂದ ತುಂಡನ್ನು ಬಿಟ್ಟೇಬಿಡುತ್ತಾರೆ, ಯಾಕೆಂದರೆ ಆ ಮಾತಿನ ಹೊತ್ತು ಆಗಲೇ ಕಳೆದಿರುತ್ತದೆ. ತುಂಡು ಸಾಗಿಸಲು ಟಿಸಿಪಿ, ಯುಡಿಪಿ ಎಂಬ ಎರಡು ಕ್ರಮ ಇವೆ. ಮೀಡಿಯಾ ಟಿಸಿಪಿ ಬಿಟ್ಟು ಯುಡಿಪಿಯಲ್ಲಿ ಹೋಗುವುದು ಇದಕ್ಕೇ. ಟಿಸಿಪಿ ಕಳೆದ ತುಂಡನ್ನು ಮತ್ತೆ ತರಿಸಿಯೇ ಮುಂದೆ ಹೋಗುವ ಜಾತಿ. ಫೈಲ್ ಕಳಿಸುವಾಗ ಆ ಹಟ ಬೇಕು, ಮಾತಾಡುವಾಗ ಅದೇ ತೊಡಕು.

ಇಲ್ಲೊಂದು ಲೆಕ್ಕ ನೋಡಿ, ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿ ತೋರಿಸಬಹುದು. ಜಿ.711 ಎಂಬ ಹಳೆ ಧ್ವನಿ ಕೋಡೆಕ್ (ಮಾತನ್ನು ಅಂಕಿಗಳಾಗಿಸುವ ವಿಧಾನ) 64 ಕೆಬಿಪಿಎಸ್. ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದು ತುಂಡು, ಅಂದರೆ ಸೆಕೆಂಡಿಗೆ 50. ಒಂದೊಂದರಲ್ಲಿ 160 ಬೈಟ್ ಮಾತು. ಅದಕ್ಕೆ ಆರ್‌ಟಿಪಿ 12, ಯುಡಿಪಿ 8, ಐಪಿ 20, ಒಟ್ಟು 40 ಬೈಟ್ ಚೀಟಿ. 200 ಬೈಟ್ ಆಯಿತು. 50ರಿಂದ ಗುಣಿಸಿ, ಬಿಟ್ ಮಾಡಿ: 80 ಕೆಬಿಪಿಎಸ್. ಈಗ ಜಿ.729 ಹಾಕಿ. ಅದು ಬರೀ 8 ಕೆಬಿಪಿಎಸ್, ಒಂದು ತುಂಡಿಗೆ 20 ಬೈಟ್ ಮಾತು, ಚೀಟಿ ಮಾತ್ರ ಅದೇ 40. ದಾರಿಯಲ್ಲಿ ಹೋಗುವುದು 24 ಕೆಬಿಪಿಎಸ್. ಸರಕಿಗಿಂತ ಗೋಣಿಚೀಲದ ತೂಕವೇ ಜಾಸ್ತಿ. ಪೆಟ್ಟಿಗೆಯಲ್ಲಿ ತೋರಿಸುವ ಸ್ಪೀಡ್ ಒಂದು, ರೂಟರ್‌ನಲ್ಲಿ ಕಾಣುವುದು ಇನ್ನೊಂದು ಯಾಕೆ ಎಂದು ಕೇಳಿದವರಿಗೆಲ್ಲ ನಾನು ಈ ಲೆಕ್ಕವನ್ನೇ ಬರೆದು ಕೊಡುತ್ತೇನೆ.

ಈಗ ಎಚ್.323 ಎಂದರೇನು ಎನ್ನುವುದಕ್ಕೆ ಬರೋಣ. ಇದನ್ನು ಮಾಡಿದ್ದು ಐಟಿಯು-ಟಿ, ದೂರವಾಣಿಗಳಿಗೆ ಜಗತ್ತಿನ ಮಟ್ಟದಲ್ಲಿ ನಿಯಮ ಬರೆಯುವ ಸಂಸ್ಥೆ. ಮೊದಲ ಆವೃತ್ತಿ 1996ರಲ್ಲಿ ಬಂತು. ಅದರ ತಲೆಬರಹದಲ್ಲೇ, ಗುಣಮಟ್ಟದ ಖಾತರಿ ಇಲ್ಲದ ಲೋಕಲ್ ಏರಿಯಾ ನೆಟ್‌ವರ್ಕ್‌ಗಳಲ್ಲಿ ಬಳಸುವ ದೃಶ್ಯ ದೂರವಾಣಿ ಸಲಕರಣೆ ಎಂಬ ಅರ್ಥದ ಮಾತಿತ್ತು. ಲೋಕಲ್ ಏರಿಯಾ ಎಂಬ ಮಾತನ್ನು ಗಮನಿಸಿ. ಒಂದು ಕಟ್ಟಡ, ಒಂದು ಕ್ಯಾಂಪಸ್, ಎಲ್ಲ ಯಂತ್ರಗಳಿಗೂ ಪರಸ್ಪರ ಕಾಣುವ ವಿಳಾಸ, ಅಂಥ ಜಗತ್ತನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು ಇದು. 1998ರ ಎರಡನೇ ಆವೃತ್ತಿಯಲ್ಲಿ ತಲೆಬರಹ ಬದಲಾಯಿಸಿ ಪ್ಯಾಕೆಟ್ ಆಧಾರಿತ ವ್ಯವಸ್ಥೆ ಎಂದು ಮಾಡಿದರು, ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ ಹೇಳಿ. ನಿಮ್ಮ ಪೆಟ್ಟಿಗೆಗಳು ಒಂದೇ ರೂಮಿನಲ್ಲಿ ಸಲೀಸಾಗಿ ಮಾತಾಡಿದ್ದಕ್ಕೂ, ಊರು ಬೇರೆಯಾದಾಗ ತೊದಲಿದ್ದಕ್ಕೂ ಕಾರಣ ಅಲ್ಲೇ ಇದೆ.

ಎಚ್.323 ಒಂದೇ ನಿಯಮವೂ ಅಲ್ಲ. ಒಂದು ಕೊಡೆಯ ಕೆಳಗೆ ಹಲವಾರು ನಿಯಮ ಇವೆ. ಕರೆ ಮಾಡಿ ಎತ್ತಿಸುವುದು ಎಚ್.225.0, ಅದು ಟಿಸಿಪಿ 1720ರಲ್ಲಿ. ಕರೆ ಎತ್ತಿದ ಮೇಲೆ ನನಗೆ ಇಷ್ಟು ಬರುತ್ತದೆ, ನಿನಗೆ ಏನು ಬರುತ್ತದೆ ಎಂದು ಹೇಳಿಕೊಳ್ಳುವುದು ಎಚ್.245. ಧ್ವನಿ ಚಿತ್ರಗಳದ್ದು ಆರ್‌ಟಿಪಿ. ಗುಟ್ಟು ಕಾಯುವುದು ಎಚ್.235. ಪಾಠದ ಸ್ಲೈಡನ್ನು ಮುಖದ ಜೊತೆ ಎರಡನೇ ಚಿತ್ರವಾಗಿ ಕಳಿಸುವುದು ಎಚ್.239, ತರಗತಿಗೆ ನಿಮಗೆ ಬೇಕೇ ಬೇಕಾದದ್ದು. ಎಲ್ಲರಿಗೂ ಬರಲೇಬೇಕಾದ ಕನಿಷ್ಠ ಭಾಷೆಯನ್ನೂ ಕಡ್ಡಾಯ ಮಾಡಿದ್ದಾರೆ: ಧ್ವನಿಗೆ ಜಿ.711, ವಿಡಿಯೋ ಇದ್ದರೆ ಎಚ್.261ರಲ್ಲಿ 176×144 ಚುಕ್ಕಿಯ ಪುಟ್ಟ ಚಿತ್ರ. ಇಬ್ಬರಿಗೂ ಎಚ್.264 ಬಂದರೆ ಅದರಲ್ಲೇ ಮಾತಾಡುತ್ತಾರೆ, ಬಾರದಿದ್ದರೆ ಎಚ್.263, ಅದೂ ಇಲ್ಲದಿದ್ದರೆ ಕೊನೆಗೆ ಆ ಪುಟ್ಟ ಚಿತ್ರಕ್ಕಾದರೂ ಇಳಿಯುತ್ತಾರೆ. ಯಾವ ಕಂಪನಿಯ ಪೆಟ್ಟಿಗೆಯೇ ಇರಲಿ, ಸಂಬಂಧ ಮುರಿದು ಬೀಳುವುದಿಲ್ಲ. ನನಗೆ ಈ ಮಾನದಂಡದಲ್ಲಿ ಅತಿ ಇಷ್ಟವಾದ ಭಾಗ ಇದು.

ಸರಿ, ನಿಮ್ಮ ಕರೆ ಎಲ್ಲಿ ಬಿತ್ತು?

ಹಳ್ಳಿಗಳಲ್ಲಿ ವಿಳಾಸ ಹೇಗೆ ಹೇಳುತ್ತೇವೆ? ‘ಆಂಜನೇಯನ ಗುಡಿ ಹಿಂದಿನ ಮನೆ.’ ಊರೊಳಗಿನವರಿಗೆ ಇಷ್ಟು ಸಾಕು. ಆದರೆ ಆಂಜನೇಯನ ಗುಡಿ ಇಲ್ಲದ ಊರು ನಮ್ಮ ಕಡೆ ಎಲ್ಲಿದೆ? ಇದೇ ವಿಳಾಸವನ್ನು ಕಾಗದದಲ್ಲಿ ಬರೆದು ಬೇರೆ ಊರಿಗೆ ಕಳಿಸಿದರೆ, ಅದನ್ನು ಓದಿದವರು ತಮ್ಮ ಊರಿನ ಆಂಜನೇಯನ ಗುಡಿ ಹಿಂದೆ ಹೋಗಿ ಬಾಗಿಲು ತಟ್ಟುತ್ತಾರೆ. 192.168.ನಿಂದ ಶುರುವಾಗುವ ಐಪಿ ವಿಳಾಸ ಇಂಥದ್ದೇ. ಲೆಕ್ಕವಿಲ್ಲದಷ್ಟು ರೂಟರ್‌ಗಳ ಹಿಂದೆ ಅದೇ ಇರುತ್ತದೆ. ಹೊರಗಿನ ಜಗತ್ತಿಗೆ ರೂಟರ್ ತನ್ನ ಒಂದೇ ವಿಳಾಸ ತೋರಿಸಿ, ಒಳಗಿನವರ ಪರವಾಗಿ ಚೀಟಿ ಬದಲಾಯಿಸಿ ಕಳಿಸುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ರೂಟರ್ ಬದಲಾಯಿಸುವುದು ಲಕೋಟೆಯ ಮೇಲಿನ ವಿಳಾಸವನ್ನು ಮಾತ್ರ. ಲಕೋಟೆ ಒಳಗಿನ ಕಾಗದದಲ್ಲಿ ಬರೆದದ್ದನ್ನು ಅದು ನೋಡುವುದಿಲ್ಲ.

ಎಚ್.245 ವಿಳಾಸ ಬರೆಯುವುದು ಆ ಕಾಗದದೊಳಗೆ! ನೀವು ಕರೆ ಮಾಡಿದಿರಿ, ಕೋಲಾರದವರು ಎತ್ತಿದರು. ನಿಮ್ಮ ಪೆಟ್ಟಿಗೆ ‘ಧ್ವನಿಯ ಚಾನಲ್ ತೆರೆಯುತ್ತೇನೆ, ಎಲ್ಲಿಗೆ ಕಳಿಸಲಿ?’ ಎಂದು ಕೇಳುತ್ತದೆ. ಕೋಲಾರದ ಪೆಟ್ಟಿಗೆ ತನಗೆ ಗೊತ್ತಿರುವ ಏಕೈಕ ವಿಳಾಸವನ್ನು ಹೇಳುತ್ತದೆ, 192.168 ಅಂತ ಏನೋ ಒಂದು. ನಿಮ್ಮ ಪೆಟ್ಟಿಗೆ ಅದನ್ನು ನಂಬಿ ಅಲ್ಲಿಗೇ ಮಾತು ಕಳಿಸಲು ಶುರು ಮಾಡುತ್ತದೆ. ಆ ಕಡೆಯಿಂದಲೂ ಇದೇ ಕಥೆ. ಎರಡೂ ಕಡೆ ಪೆಟ್ಟಿಗೆಗಳು ಮಾತಾಡುತ್ತಲೇ ಇರುತ್ತವೆ, ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ.

ಇದನ್ನು ನಾನು ಕಣ್ಣಾರೆ ನೋಡಿದ್ದು ತಿಪಟೂರಿನಲ್ಲಿ, ಒಂದು ಕೊಬ್ಬರಿ ವ್ಯಾಪಾರದ ಆಫೀಸಿನಲ್ಲಿ. ಅವರ ಇನ್ನೊಂದು ಆಫೀಸು ಬೆಂಗಳೂರಿನಲ್ಲಿತ್ತು. ಎರಡು ದಿನ ಕೇಬಲ್ ಬದಲಾಯಿಸಿದೆವು, ಮೈಕ್ ಬದಲಾಯಿಸಿದೆವು, ಏನೂ ಆಗಲಿಲ್ಲ. ಮೂರನೇ ದಿನ ರಾತ್ರಿ ಆಫೀಸು ಖಾಲಿಯಾದ ಮೇಲೆ ಸ್ವಿಚ್‌ನ ಒಂದು ಪೋರ್ಟನ್ನು ಮಿರರ್ ಮಾಡಿ ಲ್ಯಾಪ್‌ಟಾಪ್ ಸಿಕ್ಕಿಸಿ, ಹಾದುಹೋಗುವ ತುಂಡುಗಳನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿಕೊಂಡು ಕೂತೆ. ಕರೆ ಎತ್ತಿದ ತಕ್ಷಣ ಸಾಲು ಸಾಲಾಗಿ ಆರ್‌ಟಿಪಿ ತುಂಡುಗಳು ಹೊರಟವು, 20 ಮಿಲಿಸೆಕೆಂಡಿಗೆ ಒಂದರಂತೆ, ಕ್ರಮಸಂಖ್ಯೆ ಒಂದೂ ತಪ್ಪದೆ. ಹೋಗುವ ಊರಿನ ಕಾಲಂನಲ್ಲಿ 192.168.1.40. ಬೆಂಗಳೂರಿನ ಪೆಟ್ಟಿಗೆಯ ಒಳಗಿನ ವಿಳಾಸ ಅದು. ಆದರೆ ತಿಪಟೂರಿನ ಆಫೀಸಿನಲ್ಲಿ ಅದೇ 192.168.1.40 ಮೂಲೆಯಲ್ಲಿದ್ದ ಪ್ರಿಂಟರ್‌ಗೆ ಕೊಟ್ಟಿದ್ದ ನಂಬರು. ಎರಡು ದಿನ ಅವರು ಆಡಿದ ಮಾತೆಲ್ಲ ಹತ್ತು ಅಡಿ ಆಚೆಗಿದ್ದ ಪ್ರಿಂಟರ್‌ಗೆ ಹೋಗುತ್ತಿತ್ತು. ಅವತ್ತಿನಿಂದ ಯಾವ ಕರೆ ಮೂಕವಾದರೂ ನಾನು ಮೊದಲು ನೋಡುವುದು ಆ ಕಾಲಂ.

ಅದೇ ನೆಟ್‌ನಲ್ಲಿ ಮೊಬೈಲ್‌ನಿಂದ ಮೀಟ್ ಬರುತ್ತದೆ ಎಂದಿರಲ್ಲ, ಅದು ಹೇಗೆ? ಮೀಟ್ ನಡೆಯುವುದು ವೆಬ್‌ಆರ್‌ಟಿಸಿ ಮೇಲೆ, ಅಂದರೆ ಬ್ರೌಸರ್‌ನಲ್ಲೇ ಕರೆ ಮಾಡಿಸುವ ತಂತ್ರದ ಮೇಲೆ. ಗೂಗಲ್ 2011ರಲ್ಲಿ ಇದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, 2021ರ ಜನವರಿಯಲ್ಲಿ ವೆಬ್‌ನ ನಿಯಮ ಬರೆಯುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಪೂರ್ಣ ಮಾನದಂಡ ಎಂದು ಒಪ್ಪಿತು. ಇದನ್ನು ಬರೆದವರು ನ್ಯಾಟ್ ಇದ್ದೇ ಇರುತ್ತದೆ ಎಂದುಕೊಂಡೇ ಕೆಲಸ ಶುರು ಮಾಡಿದರು. ಕರೆ ಮಾಡುವ ಮೊದಲು ಹೊರಗಿರುವ ಒಂದು ಸ್ಟನ್ ಸರ್ವರನ್ನು ‘ನಾನು ನಿನಗೆ ಯಾವ ವಿಳಾಸದಿಂದ ಬಂದ ಹಾಗೆ ಕಾಣುತ್ತೇನೆ?’ ಎಂದು ಕೇಳಿಕೊಳ್ಳುತ್ತದೆ. ಆಮೇಲೆ ತನ್ನ ಒಳಗಿನ ವಿಳಾಸ, ಹೊರಗೆ ಕಾಣುವ ವಿಳಾಸ, ಎರಡನ್ನೂ ಎದುರಿನವರಿಗೆ ಕೊಡುತ್ತದೆ. ಜೊತೆಗೆ ಯಾವುದೂ ಆಗದಿದ್ದರೆ ನಡುವೆ ನಿಂತು ದಾಟಿಸುವ ಟರ್ನ್ ಸರ್ವರ್‌ನ ವಿಳಾಸವನ್ನೂ ಕೊಡುತ್ತದೆ. ಇಬ್ಬರೂ ಎಲ್ಲ ಜೋಡಿಯನ್ನೂ ಒಂದೊಂದಾಗಿ ತಟ್ಟಿ ನೋಡಿ, ತೆರೆದ ಬಾಗಿಲಿನಿಂದ ಮಾತು ಶುರು ಮಾಡುತ್ತಾರೆ. ಈ ಪೂರ್ತಿ ಕ್ರಮಕ್ಕೆ ಐಸ್ ಎಂದು ಹೆಸರು. ಮೀಟ್‌ನಲ್ಲಿ ಇನ್ನೂ ಒಂದು ಅನುಕೂಲ ಇದೆ. ನೀವೂ ಅವರೂ ಇಬ್ಬರೂ ಒಳಗಿನಿಂದ ಹೊರಗೆ, ಗೂಗಲ್‌ನ ಸರ್ವರ್‌ಗೆ ಹೋಗುತ್ತೀರಿ. ಒಳಗಿನಿಂದ ಹೊರಟ ಕರೆಗೆ ರೂಟರ್ ತಾನಾಗಿ ದಾರಿ ಬಿಡುತ್ತದೆ.

ಎಚ್.323ಕ್ಕೂ ಇಂಥ ಮದ್ದು ಆಮೇಲೆ ಬಂತು. ಎಚ್.460.18 ಸಿಗ್ನಲಿಂಗನ್ನು, ಎಚ್.460.19 ಮೀಡಿಯಾವನ್ನು ನ್ಯಾಟ್ ದಾಟಿಸುತ್ತವೆ. ಆದರೆ ಅದಕ್ಕೆ ಹೊರಗೆ ಒಂದು ಗೇಟ್‌ಕೀಪರ್ ಸರ್ವರ್ ಬೇಕು. ಗ್ನೂ ಗೇಟ್‌ಕೀಪರ್ ಎಂಬ ಉಚಿತ ತಂತ್ರಾಂಶ ಈ ಕೆಲಸ ಮಾಡುತ್ತದೆ. ಐದಾರು ಕಾಲೇಜು ಸೇರಿಸಬೇಕು ಎಂದಿದ್ದರೆ ಅದನ್ನೇ ಹಾಕಿ ಎನ್ನುತ್ತಿದ್ದೆ.

ನಿಮಗೆ ಎರಡೇ ಜಾಗ. ಅದಕ್ಕೆ ನನ್ನ ಸಲಹೆ ಬೇರೆ: ಎರಡೂ ರೂಟರ್‌ಗಳ ನಡುವೆ ವಿಪಿಎನ್ ಹಾಕಿ, ಅಂದರೆ ಇಂಟರ್ನೆಟ್ ಒಳಗೇ ನಿಮ್ಮದೇ ಒಂದು ಖಾಸಗಿ ಸುರಂಗ. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಸಾಕು. ಕೋಲಾರಕ್ಕೆ ಸ್ಟ್ಯಾಟಿಕ್ ಐಪಿ ಇದೆಯಲ್ಲ, ಚಿಂತಾಮಣಿಯಿಂದ ಅಲ್ಲಿಗೆ ಸುರಂಗ ಹೊಡೆದರೆ ಆಯಿತು. ನಿಮ್ಮ ಕಡೆ ಸ್ಟ್ಯಾಟಿಕ್ ಐಪಿ ಬೇಕಾಗಿಲ್ಲ. ನಿಮ್ಮ ರೂಟರ್‌ನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರ ಒಳಗಿದ್ದರೂ ಪರವಾಗಿಲ್ಲ. ಹಾಗಿದ್ದರೆ ನಿಮಗೆ ನೆಟ್ ಕೊಟ್ಟವರೇ ಇನ್ನೊಂದು ನ್ಯಾಟ್ ಹಾಕಿ, ಒಂದೇ ಹೊರವಿಳಾಸವನ್ನು ತುಂಬ ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಅಂಥ ಕಡೆ ಪೋರ್ಟ್ ತೆರೆದು ಏನೂ ಪ್ರಯೋಜನ ಇಲ್ಲ, ಆದರೆ ಒಳಗಿನಿಂದ ಹೊರಡುವ ಸುರಂಗ ನಡೆಯುತ್ತದೆ. ಸುರಂಗ ಬಿದ್ದ ಮೇಲೆ ಎರಡೂ ಪೆಟ್ಟಿಗೆಗಳಿಗೆ ಒಂದೇ ಊರಿನಲ್ಲಿ ಇದ್ದ ಹಾಗೆ. ಅವು ಹೇಳುವ ಒಳಗಿನ ವಿಳಾಸವೇ ನಿಜವಾದ ವಿಳಾಸ ಆಗುತ್ತದೆ. ಒಂದೇ ರೂಮಿನಲ್ಲಿ ಕೆಲಸ ಮಾಡಿದ್ದು ಇಲ್ಲೂ ಮಾಡುತ್ತದೆ.

ಒಂದು ಎಚ್ಚರಿಕೆ. ಒಂದೇ ಊರಿನಲ್ಲಿ ಎರಡು ಆಂಜನೇಯನ ಗುಡಿ ಆಗಬಾರದು. ಈಗ ಎರಡೂ ಕಡೆ 192.168.1 ಸರಣಿ ಇರುವ ಸಾಧ್ಯತೆ ಜಾಸ್ತಿ. ಚಿಂತಾಮಣಿಯನ್ನು 192.168.10, ಕೋಲಾರವನ್ನು 192.168.20 ಮಾಡಿ, ಆಮೇಲೆ ಸುರಂಗ ಹಾಕಿ. ಪೆಟ್ಟಿಗೆಗಳಿಗೆ ಬದಲಾಗದ ಐಪಿ ಕೊಡಿ. ಪೆಟ್ಟಿಗೆಯ ನೆಟ್‌ವರ್ಕ್ ಮೆನುವಿನಲ್ಲಿ ನ್ಯಾಟ್ ಎಂಬ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಅದು ಸುರಂಗದಲ್ಲೂ ಹೊರವಿಳಾಸ ಹೇಳಲು ಹೋಗುತ್ತದೆ. ವೈರ್‌ಗಾರ್ಡ್ ಒಳಗೆ ಸಾಮಾನ್ಯವಾಗಿ 1420 ಬೈಟ್‌ಗಿಂತ ದೊಡ್ಡ ತುಂಡು ಹಿಡಿಸುವುದಿಲ್ಲ. ಪೆಟ್ಟಿಗೆಯಲ್ಲಿ ಎಂಟಿಯು (ಒಂದು ತುಂಡಿನ ಗರಿಷ್ಠ ಗಾತ್ರ) ಬದಲಾಯಿಸಲು ಬಂದರೆ 1300 ಮಾಡಿಬಿಡಿ. ಧ್ವನಿ ಬಂದು ಚಿತ್ರ ಮಾತ್ರ ಬಾರದೆ ಇದ್ದರೆ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಧ್ವನಿಯ ತುಂಡು 200 ಬೈಟ್, ಎಲ್ಲಿಯಾದರೂ ನುಸುಳುತ್ತದೆ. ಚಿತ್ರದ ತುಂಡು ದೊಡ್ಡದು, ಸಿಕ್ಕಿಕೊಳ್ಳುತ್ತದೆ.

ವಿಪಿಎನ್ ಬೇಡ, ಪೋರ್ಟ್ ತೆರೆದೇ ಮಾಡುತ್ತೇವೆ ಎಂದರೂ ದಾರಿ ಇದೆ. ಎರಡೂ ಕಡೆ ಹೊರಗಿನಿಂದ ತಲುಪುವ ಐಪಿ ಬೇಕು. ಪೆಟ್ಟಿಗೆಯ ನ್ಯಾಟ್ ಮೆನುವಿನಲ್ಲಿ ಆ ಐಪಿ ಬರೆಯಬೇಕು, ಮೀಡಿಯಾದ ಪೋರ್ಟ್‌ಗಳನ್ನು ಒಂದು ಸಣ್ಣ ಸರಣಿಗೆ ಕಟ್ಟಿ, ಆ ಸರಣಿಯನ್ನು ರೂಟರ್‌ನಲ್ಲಿ ತೆರೆಯಬೇಕು. ರೂಟರ್‌ನಲ್ಲಿ ಎಚ್.323 ಎಎಲ್‌ಜಿ ಎಂಬುದಿದ್ದರೆ ಮುಚ್ಚಬೇಕು, ಯಾಕೆಂದರೆ ಅದೂ ಕಾಗದ ತಿದ್ದಲು ಹೋಗಿ ಇಬ್ಬರೂ ಸೇರಿ ಕೆಡಿಸುತ್ತಾರೆ. ನಾನು ಇದನ್ನು ಬೇಡ ಎನ್ನುವುದು ಕೆಲಸ ಜಾಸ್ತಿ ಎಂದು ಮಾತ್ರ ಅಲ್ಲ. 1720 ತೆರೆದಿಟ್ಟ ಪೆಟ್ಟಿಗೆಯನ್ನು ಇಂಟರ್ನೆಟ್‌ನಲ್ಲಿ ಹುಡುಕುತ್ತಾ ತಿರುಗುವ ತಂತ್ರಾಂಶಗಳಿವೆ. ಅಪರಾತ್ರಿಯಲ್ಲಿ ಯಾರೋ ಗೊತ್ತಿಲ್ಲದವರ ಕರೆ ಬಂದು ರಿಂಗ್ ಆಗುವುದು ಅದಕ್ಕೇ. 2012ರಲ್ಲಿ ಎಚ್.ಡಿ. ಮೂರ್ ಎಂಬ ಸುರಕ್ಷತಾ ತಜ್ಞರು ಹೀಗೆ ಹುಡುಕಿ, ತಾನೇ ಕರೆ ಎತ್ತಿಕೊಳ್ಳುವ ಹಾಗೆ ಇಟ್ಟಿದ್ದ ಸಾವಿರಾರು ಮೀಟಿಂಗ್ ರೂಮುಗಳೊಳಗೆ ಇಣುಕಬಹುದು ಎಂದು ತೋರಿಸಿದ್ದರು. ನಿಮ್ಮದು ಮಕ್ಕಳು ಕೂರುವ ತರಗತಿ. ಇವತ್ತೇ ಎರಡೂ ಪೆಟ್ಟಿಗೆಯಲ್ಲಿ ಆಟೋ ಆನ್ಸರ್ ಆಫ್ ಮಾಡಿ, ಪಾಸ್‌ವರ್ಡ್ ಬದಲಾಯಿಸಿ, ಕೆಲಸ ಇಲ್ಲದಾಗ ಕ್ಯಾಮರಾದ ಮುಚ್ಚಳ ಹಾಕಿ. ವಿಪಿಎನ್ ನಡೆದ ದಿನ ಕೋಲಾರದಲ್ಲಿ 1720 ಮುಚ್ಚಿಸಿ.

ಸಂಜೆಯ ತೊಂದರೆಗೆ ಬರುತ್ತೇನೆ. ಅದು ಬೇರೆ ಕಾಯಿಲೆ. ಚಿಂತಾಮಣಿಯಿಂದ ಕೋಲಾರ ಹತ್ತಿರ, ಆದರೆ ನಿಮ್ಮ ಮಾತು ಬೆಂಗಳೂರಿಗೋ ಚೆನ್ನೈಗೋ ಹೋಗಿ ತಿರುಗಿ ಬರಬಹುದು. ಅದರಿಂದ ಆಗುವ ನಷ್ಟ ಕಡಿಮೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಸಾಮಾನ್ಯವಾಗಿ ಮಾತುಕತೆಗೆ ಅಡ್ಡಿ ಇಲ್ಲ ಎಂದು ಐಟಿಯುನ ಜಿ.114 ಹೇಳುತ್ತದೆ. ದೂರಕ್ಕೆ ಅದರಲ್ಲಿ ಹಿಡಿಯುವುದು ಸ್ವಲ್ಪವೇ. ತಡ ಆಗುವುದು ನಿಮ್ಮ ಕಾಲೇಜಿನ ಬಾಗಿಲಲ್ಲೇ. ಹಾಸ್ಟೆಲ್‌ನಲ್ಲಿ ಹತ್ತು ಫೋನು ಫೋಟೋ ವಿಡಿಯೋ ಬ್ಯಾಕಪ್ ಶುರು ಮಾಡಿದವು ಎನ್ನಿ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದು, ರೂಟರ್‌ನಲ್ಲಿ 1 ಎಂಬಿ ಸಾಲು ನಿಂತರೆ, ಆ ಸಾಲು ಕರಗಲು 0.8 ಸೆಕೆಂಡ್ ಬೇಕು. ನಿಮ್ಮ ಪುಟ್ಟ ಧ್ವನಿ ತುಂಡು ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. 150ರ ಜಾಗದಲ್ಲಿ 800! ಸ್ಪೀಡ್ ಟೆಸ್ಟ್ ಮಾಡುವಾಗ ಎಲ್ಲರೂ ಡೌನ್‌ಲೋಡ್ ನೋಡಿ ಸಮಾಧಾನ ಪಡುತ್ತಾರೆ. ಪಾಠ ಮಾಡುವವರಿಗೆ ಬೇಕಾದದ್ದು ಅಪ್‌ಲೋಡ್, ಅದೂ ಸಾಲು ನಿಲ್ಲದ ಅಪ್‌ಲೋಡ್, ಅಲ್ವಾ?

ಇದಕ್ಕೆ ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸುವ ಮೊದಲು ರೂಟರ್ ನೋಡಿ. ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಆದರೆ ಅದರಲ್ಲಿ ಸಾಲು ನಿಭಾಯಿಸುವ ಎಸ್‌ಕ್ಯುಎಂ ಆನ್ ಮಾಡಿ, ಅಪ್‌ಲೋಡನ್ನು ನಿಜವಾಗಿ ಸಿಗುವುದರ 90 ಪರ್ಸೆಂಟ್‌ಗೆ ಕಟ್ಟಿ. ಆಗ ದೊಡ್ಡ ಬ್ಯಾಕಪ್‌ಗಳ ಪಕ್ಕದಲ್ಲಿ ಚಿಕ್ಕ ತುಂಡುಗಳಿಗೆ ಬೇರೆ ಸಾಲು ಆಗುತ್ತದೆ, ಹಾಸ್ಟೆಲ್ ಮಕ್ಕಳಿಗೂ ನಷ್ಟ ಇಲ್ಲ. ಪೆಟ್ಟಿಗೆಯನ್ನು ವೈಫೈಗೆ ಬಿಡದೆ ಕೇಬಲ್‌ನಲ್ಲೇ ಕೂರಿಸಿ. ಕರೆಯ ಸ್ಪೀಡು ಆಟೋದಲ್ಲಿದ್ದರೆ 768 ಕೆಬಿಪಿಎಸ್‌ಗೆ ಇಳಿಸಿ. ಎಚ್.264 ಇದ್ದರೆ ತರಗತಿಗೆ ಅಷ್ಟು ಸಾಕು. ಚಿತ್ರ ಚೌಕ ಚೌಕವಾಗಿ ಒಡೆದು ಒಂದೆರಡು ಸೆಕೆಂಡ್ ಹಾಗೇ ನಿಂತರೆ ಗಾಬರಿ ಬೇಡ. ವಿಡಿಯೋದಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿ ಕಳಿಸುವುದಿಲ್ಲ, ಹಿಂದಿನದಕ್ಕಿಂತ ಬದಲಾದದ್ದನ್ನು ಮಾತ್ರ ಕಳಿಸುತ್ತಾರೆ. ನಡುವೆ ಒಂದು ತುಂಡು ಕಳೆದರೆ ಮುಂದಿನದೆಲ್ಲ ಕೆಡುತ್ತದೆ, ಪೆಟ್ಟಿಗೆ ಪೂರ್ತಿ ಚಿತ್ರ ಮತ್ತೆ ಕಳಿಸು ಎಂದು ಕೇಳಿ ತರಿಸಿಕೊಂಡ ಮೇಲೆ ಸರಿಹೋಗುತ್ತದೆ.

ಇನ್ನು ಈ ಪೆಟ್ಟಿಗೆಯಿಂದ ಮೀಟ್‌ಗೆ ಸೇರಬಹುದಾ ಎಂದು ಕೇಳಿದಿರಿ. ನೇರವಾಗಿ ಆಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಪೆಟ್ಟಿಗೆಯ ಹಿಂದೆ ಬರೆದಿರುವ ಎಸ್‌ಐಪಿ, ಎಚ್.323ಕ್ಕಿಂತ ಸರಳವಾದ ಇನ್ನೊಂದು ಸಿಗ್ನಲಿಂಗ್ ನಿಯಮ. ಇಂಟರ್ನೆಟ್‌ನ ನಿಯಮ ಬರೆಯುವ ಐಇಟಿಎಫ್‌ನವರು 1999ರಲ್ಲಿ ಆರ್‌ಎಫ್‌ಸಿ 2543 ಎಂದು ಬರೆದರು, 2002ರಲ್ಲಿ ಆರ್‌ಎಫ್‌ಸಿ 3261 ಎಂದು ಮತ್ತೆ ಬರೆದರು. ಎಚ್.323ರ ಸಂದೇಶಗಳು ಬಿಟ್‌ಗಳಲ್ಲಿ ಒತ್ತಿಟ್ಟ ಗಂಟು, ಬಿಚ್ಚದೆ ಓದಲಾಗುವುದಿಲ್ಲ. ಎಸ್‌ಐಪಿಯದು ವೆಬ್ ಪುಟದ ಹಾಗೆ ಕಣ್ಣಿಗೆ ಓದಲು ಬರುವ ಪಠ್ಯ, ಮಕ್ಕಳಿಗೆ ತೋರಿಸಲು ಇದೇ ಚೆಂದ. ಎರಡೂ ಮೀಡಿಯಾಕ್ಕೆ ಬಳಸುವುದು ಅದೇ ಆರ್‌ಟಿಪಿ. ವೆಬ್‌ಆರ್‌ಟಿಸಿಯೂ ಬಳಸುವುದು ಆರ್‌ಟಿಪಿಯನ್ನೇ, ಗುಟ್ಟು ಮಾಡಿದ ರೂಪದಲ್ಲಿ, ಗುಟ್ಟು ಅಲ್ಲಿ ಕಡ್ಡಾಯ. ಅಂದರೆ ಲಾರಿ ಒಂದೇ ಜಾತಿಯದು, ರಸ್ತೆಯೂ ಒಂದೇ. ಆದರೆ ವೆಬ್‌ಆರ್‌ಟಿಸಿ ಮಾಡಿದವರು ಬೇಕೆಂದೇ ಸಿಗ್ನಲಿಂಗ್ ಭಾಗವನ್ನು ಮಾನದಂಡದಿಂದ ಹೊರಗಿಟ್ಟರು. ಒಬ್ಬರನ್ನು ಹೇಗೆ ಕರೆಯಬೇಕು ಎನ್ನುವುದನ್ನು ಆಯಾ ಸೇವೆಯವರಿಗೇ ಬಿಟ್ಟರು. ಹೊಸ ಸೇವೆಗಳು ಬೇಗ ಬೆಳೆದವು, ಅದು ಒಳ್ಳೆಯದೇ. ಆದರೆ ಒಂದು ಸೇವೆಯಲ್ಲಿ ಕೂತು ಇನ್ನೊಂದು ಸೇವೆಯವರಿಗೆ ಕರೆ ಮಾಡುವುದು ಹೋಯಿತು. ನಿಮ್ಮ ಹಳೆ ಪೆಟ್ಟಿಗೆ ಬೇರೆ ಕಂಪನಿಯ ಯಾವ ಪೆಟ್ಟಿಗೆಗೂ ಕರೆ ಮಾಡಬಲ್ಲದು, ಯಾರ ಖಾತೆಯೂ ಬೇಡ, ಯಾರ ಅಪ್ಪಣೆಯೂ ಬೇಡ. ಆ ಸ್ವಾತಂತ್ರ್ಯ ಇವತ್ತಿನ ಆಪ್‌ಗಳಲ್ಲಿ ಇಲ್ಲ. ನಮ್ಮ ಮಕ್ಕಳಿಗೆ ಇದು ಗೊತ್ತಾಗಬೇಕು ಎಂದು ನನ್ನ ಆಸೆ.

ನಡುವೆ ನಿಂತು ಎರಡು ಭಾಷೆಯನ್ನೂ ಅನುವಾದ ಮಾಡುವ ಗೇಟ್‌ವೇ ಸೇವೆಗಳಿವೆ, ದುಡ್ಡು ಕೊಡಬೇಕು. ಅದಕ್ಕೆ ಖರ್ಚು ಮಾಡಬೇಡಿ. ಮೀಟ್ ತರಗತಿ ಬೇಕಾದ ದಿನ ಪೆಟ್ಟಿಗೆಯ ಕ್ಯಾಮರಾದಿಂದ ಎಚ್‌ಡಿಎಂಐ ಹೊರಬರುತ್ತದಾ ನೋಡಿ. ಬಂದರೆ ಒಂದು ಎಚ್‌ಡಿಎಂಐ ಕ್ಯಾಪ್ಚರ್ ಕಡ್ಡಿ ಮೂಲಕ ಲ್ಯಾಪ್‌ಟಾಪ್‌ಗೆ ಕೊಡಿ, ಅದು ವೆಬ್ ಕ್ಯಾಮರಾ ಎಂದು ಕಾಣಿಸುತ್ತದೆ. ಆ ದೊಡ್ಡ ಲೆನ್ಸು ಲ್ಯಾಪ್‌ಟಾಪ್ ಕ್ಯಾಮರಾಕ್ಕಿಂತ ಎಷ್ಟೋ ಪಾಲು ಮೇಲು, ಕೊನೆ ಬೆಂಚಿನಿಂದ ಬೋರ್ಡಿನ ಅಕ್ಷರದವರೆಗೆ ಹಿಡಿಯುತ್ತದೆ. ಕೆಲವು ಕಂಪನಿಗಳ ಕ್ಯಾಮರಾದಲ್ಲಿ ಅವರದೇ ವಿಚಿತ್ರ ಪಿನ್ನಿನ ಕೇಬಲ್ ಇರುತ್ತದೆ, ಅಂಥದಾದರೆ ಆ ಆಸೆ ಬಿಡಿ. ಕೋಲಾರದ ಜೊತೆಗಿನ ದಿನನಿತ್ಯದ ತರಗತಿಗೆ ಮಾತ್ರ ಪೆಟ್ಟಿಗೆಯಿಂದ ಪೆಟ್ಟಿಗೆಗೇ ಇರಲಿ.

ವಿಪಿಎನ್ ಹಾಕುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಈಗಿನ ಸ್ಥಿತಿಯಲ್ಲೇ ಕೋಲಾರಕ್ಕೆ ಕರೆ ಮಾಡಿ, ಅವರು ಎತ್ತಿದ ಮೇಲೆ ಕಪ್ಪು ಪರದೆ ನೋಡುತ್ತಾ ಕೂರದೆ ಮೆನುವಿನಲ್ಲಿ ಕಾಲ್ ಸ್ಟ್ಯಾಟಿಸ್ಟಿಕ್ಸ್ ಪುಟ ತೆರೆಯಿರಿ. ಕೋಲಾರದವರಿಗೂ ಫೋನ್ ಮಾಡಿ ಅದೇ ಪುಟ ತೆರೆಯಲು ಹೇಳಿ. ಕಳಿಸಿದ ಪ್ಯಾಕೆಟ್ ಲೆಕ್ಕ ಏರುತ್ತಾ ಹೋಗಿ, ಬಂದ ಪ್ಯಾಕೆಟ್ ಎರಡೂ ಕಡೆ ಸೊನ್ನೆಯಲ್ಲೇ ನಿಂತಿದ್ದರೆ ನಾನು ಹೇಳಿದ ವಿಳಾಸದ ತೊಂದರೆಯೇ, ಸುರಂಗ ಹಾಕಿ. ಕಳಿಸಿದ್ದೂ ಸೊನ್ನೆ ಇದ್ದರೆ ಎಚ್.245 ಮಾತುಕತೆಯೇ ಮುಗಿದಿಲ್ಲ. ಕೆಲವು ಪೆಟ್ಟಿಗೆಗಳು ಅದಕ್ಕೆ 1720 ಬಿಟ್ಟು ಬೇರೆ ಟಿಸಿಪಿ ಪೋರ್ಟ್ ತೆರೆಯುತ್ತವೆ, ಅದು ನಿಮ್ಮ ರೂಟರ್‌ನಲ್ಲಿ ಮುಚ್ಚಿದೆ. ಅದಕ್ಕೂ ಸುರಂಗವೇ ಮದ್ದು. ಒಂದು ಕಡೆ ಮಾತ್ರ ಸೊನ್ನೆ ಇದ್ದರೆ ಆ ಕಡೆಯ ರೂಟರನ್ನು ಮೊದಲು ನೋಡಿ. ಆ ಪುಟದ ಫೋಟೋ ಎರಡೂ ಕಡೆಯದು ತೆಗೆದು, ಪೆಟ್ಟಿಗೆಯ ಮಾಡೆಲ್ ನಂಬರ್ ಜೊತೆ ಕಳಿಸಿ. ಎಂಟಿಯು, ನ್ಯಾಟ್ ಆಯ್ಕೆಗಳು ಅದರ ಮೆನುವಿನಲ್ಲಿ ಎಲ್ಲಿವೆ ಎಂದು ನೋಡಿ ಬರೆಯುತ್ತೇನೆ.